ಮುಖಕ್ಕೆ ಹಾಕಿಸಿದ ಫಿಲ್ಲರ್ ಗಂಟಾಗಿದೆ: ಕರಗಿಸಬಹುದೇ, ಕೊಯ್ದು ತೆಗೆಯಬೇಕೇ?

ಪ್ರಶ್ನೆ: ಡಾಕ್ಟರರೇ, ನನಗೆ 33 ವರ್ಷ. ಹುಬ್ಬಳ್ಳಿಯಲ್ಲಿ ಖಾಸಗಿ ಕಂಪನಿಯೊಂದರಲ್ಲಿ ಕೆಲಸ. ಐದು ತಿಂಗಳ ಹಿಂದೆ ಒಂದು ಸಲೂನಿನಲ್ಲಿ, ವಾರಕ್ಕೊಮ್ಮೆ ಬರುವ ಡಾಕ್ಟರ್ ಎಂದು ಪರಿಚಯಿಸಿದವರ ಕೈಯಲ್ಲಿ, ಕಣ್ಣಿನ ಕೆಳಗಿನ ಗುಳಿಗೆ ಮತ್ತು ಮೂಗಿನ ಪಕ್ಕದಿಂದ ಬಾಯಿಯ ಮೂಲೆಗೆ ಇಳಿಯುವ ಗೆರೆಗಳಿಗೆ ಫಿಲ್ಲರ್, ಅಂದರೆ ಚರ್ಮದಡಿ ಜೆಲ್ ತುಂಬುವ ಇಂಜೆಕ್ಷನ್, ಹಾಕಿಸಿಕೊಂಡೆ. ಮೊದಲು ಎಲ್ಲರೂ ಚೆನ್ನಾಗಿ ಕಾಣುತ್ತೀಯ ಎಂದರು. ಆಮೇಲೆ ಕಣ್ಣಿನ ಕೆಳಗೆ ನೀಲಿ ಛಾಯೆ ಕಾಣಿಸಿಕೊಂಡು ಹಾಗೆಯೇ ಉಳಿಯಿತು. ಹೋದ ತಿಂಗಳು ವೈರಲ್ ಜ್ವರ ಬಂದು ಹೋದ ಮೇಲೆ ಎಡಗೆನ್ನೆಯ ಗೆರೆಯಲ್ಲಿ ಬಟಾಣಿ ಗಾತ್ರದ ಗಂಟು ಎದ್ದಿದೆ. ಕೆಂಪಗಿದೆ, ಮುಟ್ಟಿದರೆ ನೋವು. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಆ್ಯಂಟಿಬಯಾಟಿಕ್ ಮೂರು ದಿನ ತೆಗೆದುಕೊಂಡೆ. ಸ್ವಲ್ಪ ಇಳಿದು ಮತ್ತೆ ಬಂತು. ಸಲೂನಿನವರು, ಸುತ್ತಲೂ ಇನ್ನಷ್ಟು ತುಂಬಿಸಿದರೆ ಸಮವಾಗುತ್ತದೆ ಎನ್ನುತ್ತಾರೆ. ಕರಗಿಸುವ ಇಂಜೆಕ್ಷನ್ ಕೊಟ್ಟರೆ ಸ್ವಂತ ಮುಖವೇ ಕರಗಿ ಜೋತುಬೀಳುತ್ತದೆ ಎಂದು ಗೆಳತಿ ಹೆದರಿಸಿದ್ದಾಳೆ. ಫಿಲ್ಲರ್‌ನಿಂದ ಕಣ್ಣು ಹೋಗುತ್ತದೆ ಎಂದು ಓದಿದ ಮೇಲಂತೂ ನಿದ್ದೆಯಿಲ್ಲ. ಯಾವ ಕಂಪನಿಯ ಫಿಲ್ಲರ್ ಎಂದು ಗೊತ್ತಿಲ್ಲ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಎರಡನೇ ಮಗುವಿನ ಯೋಚನೆಯಿದೆ. ಮುಂದಿನ ಬೇಸಿಗೆಯಲ್ಲಿ ತಂಗಿಯ ಮದುವೆ. ಅಷ್ಟರೊಳಗೆ ಸರಿಪಡಿಸಿ ಮತ್ತೆ ಫಿಲ್ಲರ್ ಹಾಕಿಸಿಕೊಳ್ಳಬಹುದೇ?

ಉತ್ತರ: ನಿದ್ದೆ ಕೆಡಿಸಿರುವ ಪ್ರಶ್ನೆಯನ್ನು ಮೊದಲು ಮುಗಿಸೋಣ. ಫಿಲ್ಲರ್‌ನಿಂದ ದೃಷ್ಟಿ ಹೋಗುವುದುಂಟು, ಅಪರೂಪವಾದರೂ ನಿಜ. ಆದರೆ ಅದು ಸೂಜಿ ಒಳಗಿರುವ ಹೊತ್ತಿನಲ್ಲಿ, ಜೆಲ್ ನೇರವಾಗಿ ರಕ್ತನಾಳದೊಳಕ್ಕೆ ಹೋದಾಗ ಆಗುವ ಅನಾಹುತ. ಹೆಚ್ಚಿನವರಿಗೆ ಆ ಕುರ್ಚಿಯಲ್ಲಿ ಕುಳಿತಿರುವಾಗಲೇ ಗೊತ್ತಾಗಿಬಿಡುತ್ತದೆ. ಐದು ತಿಂಗಳಿಂದ ಕೆನ್ನೆಯಲ್ಲಿ ನೆಲೆನಿಂತಿರುವ ಜೆಲ್ ಈಗ ಎದ್ದು ಕಣ್ಣಿನ ನಾಳಕ್ಕೆ ಹರಿಯುವುದಿಲ್ಲ. ಆ ಅಪಾಯ ನಿಮ್ಮ ಪಾಲಿಗೆ ಮತ್ತೆ ಹುಟ್ಟಬೇಕಾದರೆ ಹೊಸದಾಗಿ ಫಿಲ್ಲರ್ ಚುಚ್ಚಬೇಕು. ಸಲೂನಿನವರು ಹೇಳುತ್ತಿರುವುದು ಅದನ್ನೇ. ಉರಿಯುತ್ತಿರುವ ಗಂಟಿನ ಸುತ್ತ ಇನ್ನಷ್ಟು ಫಿಲ್ಲರ್ ತುಂಬಿಸುವುದು ಯಾವ ಲೆಕ್ಕದಲ್ಲೂ ಚಿಕಿತ್ಸೆಯಲ್ಲ. ಅದಕ್ಕೆ ಒಪ್ಪಬೇಡಿ.

ನಿಮ್ಮ ಕಣ್ಣಿನ ಕೆಳಗಿನ ನೀಲಿ ಬಣ್ಣ ಮತ್ತು ಕೆನ್ನೆಯ ಗಂಟು ಬೇರೆ ಬೇರೆ ಕಾರಣದಿಂದ ಬಂದವು. ಆದರೂ ಎರಡರ ಚಿಕಿತ್ಸೆಯೂ ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ನಿಮ್ಮ ಮುಖದೊಳಗೆ ಇರುವ ವಸ್ತು ಯಾವುದು? ಇದು ಗೊತ್ತಾಗುವ ಮೊದಲು ಯಾರಾದರೂ ಸಿರಿಂಜ್ ಕೈಗೆತ್ತಿಕೊಂಡರೆ ಬೇಡ ಎನ್ನಿ.

ಫಿಲ್ಲರ್ ಎಂದರೆ ಒಂದೇ ಪದಾರ್ಥವಲ್ಲ. ಇಂದು ಅತಿ ಹೆಚ್ಚು ಬಳಕೆಯಲ್ಲಿರುವುದು ಹಯಾಲುರಾನಿಕ್ ಆಸಿಡ್ ಜೆಲ್. ನೀರನ್ನು ಹಿಡಿದಿಟ್ಟುಕೊಳ್ಳುವ ಈ ಸಕ್ಕರೆ ಜಾತಿಯ ವಸ್ತು ನಮ್ಮ ಚರ್ಮ, ಕೀಲು, ಕಣ್ಣುಗಳಲ್ಲಿ ಸಹಜವಾಗಿಯೇ ಇದೆ. ಸಹಜ ರೂಪದಲ್ಲಿ ಚುಚ್ಚಿದರೆ ಒಂದೆರಡು ದಿನಗಳಲ್ಲಿ ದೇಹ ಅದನ್ನು ಮುಗಿಸಿಬಿಡುತ್ತದೆ. ಆದ್ದರಿಂದ ಅದರ ಎಳೆಗಳನ್ನು ರಾಸಾಯನಿಕವಾಗಿ ಒಂದಕ್ಕೊಂದು ಹೆಣೆದು, ತಿಂಗಳುಗಟ್ಟಲೆ ಬಾಳುವಂತೆ ಮಾಡುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ರೆಸ್ಟಿಲೇನ್ ಎಂಬ ಇಂಥ ಜೆಲ್‌ಗೆ 2003ರ ಡಿಸೆಂಬರ್‌ನಲ್ಲಿ ಅನುಮತಿ ಕೊಟ್ಟ ನಂತರ ಇದರ ಬಳಕೆ ಎಲ್ಲೆಡೆ ಹಬ್ಬಿತು. ಎರಡನೇ ಗುಂಪಿನವು ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್, ಪಾಲಿ ಲ್ಯಾಕ್ಟಿಕ್ ಆಸಿಡ್ ಮುಂತಾದವು. ನಿಧಾನವಾಗಿ ಕರಗುತ್ತವೆ, ಆದರೆ ನಾವು ಬಯಸಿದಾಗ ಕರಗಿಸಲು ಔಷಧಿಯಿಲ್ಲ. ಮೂರನೆಯ ಗುಂಪು ಶಾಶ್ವತವಾಗಿ ಉಳಿಯುವಂಥದ್ದು: ಪಿಎಂಎಂಎ ಎಂಬ ಪ್ಲಾಸ್ಟಿಕ್ ಕಣಗಳು, ಪಾಲಿಅಕ್ರಿಲಮೈಡ್ ಜೆಲ್, ದ್ರವ ಸಿಲಿಕೋನ್. ಪಾಲಿಅಕ್ರಿಲಮೈಡ್ ಜೆಲ್ಲನ್ನು ಚೀನಾ 2006ರಲ್ಲೇ ನಿಷೇಧಿಸಿತು. ಸೌಂದರ್ಯಕ್ಕಾಗಿ ದ್ರವ ಸಿಲಿಕೋನ್ ಚುಚ್ಚುವುದಕ್ಕೆ ಎಫ್‌ಡಿಎ ಇಂದಿಗೂ ಅನುಮತಿ ಕೊಟ್ಟಿಲ್ಲ. ‘ಒಮ್ಮೆ ಹಾಕಿಸಿಕೊಂಡರೆ ಜೀವನಪೂರ್ತಿ’ ಎಂದು ಅಗ್ಗದ ಪ್ಯಾಕೇಜ್‌ಗಳಲ್ಲಿ ಮಾರುವ ಸರಕನ್ನು ಕಂಡರೆ ನನಗೆ ಭಯವಾಗುವುದು ಇದಕ್ಕೇ. ತೊಂದರೆ ಬಂದಾಗ ಅದೂ ಜೀವನಪೂರ್ತಿಯೇ.

ಹಾಗಾಗಿ ಮೊದಲ ಕೆಲಸ, ಸಲೂನಿಗೆ ಒಂದು ಸಂದೇಶ ಕಳುಹಿಸುವುದು. ಜಗಳದ ಧಾಟಿ ಬೇಡ, ಮಾಹಿತಿ ಮುಖ್ಯ. ಉತ್ಪನ್ನದ ಹೆಸರು, ಬ್ಯಾಚ್ ಸಂಖ್ಯೆ, ಎಲ್ಲೆಲ್ಲಿ ಎಷ್ಟು ಎಂಎಲ್, ಚುಚ್ಚಿದವರ ಹೆಸರು ಮತ್ತು ನೋಂದಣಿ ಸಂಖ್ಯೆ ಕೇಳಿ. ಒಳ್ಳೆಯ ಕಂಪನಿಗಳ ಫಿಲ್ಲರ್ ಡಬ್ಬಿಯಲ್ಲಿ ಬ್ಯಾಚ್ ಸಂಖ್ಯೆಯ ಸ್ಟಿಕ್ಕರ್ ಇರುತ್ತದೆ. ಒಂದು ರೋಗಿಯ ಕಡತಕ್ಕೆ, ಇನ್ನೊಂದು ರೋಗಿಯ ಕೈಗೆ ಹೋಗಬೇಕು. ಉತ್ತರ ಬಾರದಿದ್ದರೂ ದಾರಿಯಿದೆ. ಚರ್ಮದ ಅಲ್ಟ್ರಾಸೌಂಡ್ ನೋಡಿ ಅನುಭವವಿರುವ ರೇಡಿಯಾಲಜಿಸ್ಟ್ ಒಬ್ಬರು ಹೆಚ್ಚಿನ ಆವರ್ತನದ ಪ್ರೋಬ್ ಇಟ್ಟು ನೋಡಿದರೆ, ಹಯಾಲುರಾನಿಕ್ ಆಸಿಡ್ ಕಪ್ಪು ಮಡುವಿನಂತೆ ಕಾಣುತ್ತದೆ, ಸಿಲಿಕೋನ್ ಆದರೆ ಪರದೆಯ ತುಂಬ ಬಿಳಿ ಮಬ್ಬು. ಕ್ಯಾಲ್ಸಿಯಂ ಇದ್ದರೆ ಅದು ಬೆಳ್ಳಗೆ ಹೊಳೆದು ಹಿಂದೆ ನೆರಳು ಬೀಳಿಸುತ್ತದೆ. ಗಂಟಿನೊಳಗೆ ಕೀವಿದೆಯೇ, ಪಕ್ಕದಲ್ಲಿ ಯಾವ ನಾಳ ಹಾದುಹೋಗಿದೆ ಎಂಬುದೂ ಅದೇ ಪರೀಕ್ಷೆಯಲ್ಲಿ ತಿಳಿಯುತ್ತದೆ.

ಕಣ್ಣಿನ ಕೆಳಗಿನ ನೀಲಿಯ ವಿಷಯ ಸರಳ. ಪೆಟ್ಟಿನಿಂದಾದ ನೀಲಿಯಾಗಿದ್ದರೆ ಎರಡು ವಾರದಲ್ಲಿ ಹಸಿರಾಗಿ, ಹಳದಿಯಾಗಿ ಹೋಗಿಬಿಡುತ್ತಿತ್ತು. ಉಳಿದುಕೊಂಡಿದೆ ಎಂದರೆ ಜೆಲ್ ಬೇಕಾದಷ್ಟು ಆಳಕ್ಕೆ ಹೋಗಿಲ್ಲ. ಕೆಳರೆಪ್ಪೆಯ ಚರ್ಮ ನಮ್ಮ ಮೈಯಲ್ಲೇ ಅತಿ ತೆಳುವಾದದ್ದು. ಅದರ ಬೆನ್ನಿಗೇ ಪಾರದರ್ಶಕ ಜೆಲ್ ಕುಳಿತರೆ ಬೆಳಕು ಚದುರಿ, ಅದರ ನೀಲಿ ಭಾಗ ಹೆಚ್ಚಾಗಿ ನಮ್ಮ ಕಣ್ಣಿಗೆ ಮರಳುತ್ತದೆ. ಹತ್ತೊಂಬತ್ತನೇ ಶತಮಾನದ ಭೌತವಿಜ್ಞಾನಿ ಜಾನ್ ಟಿಂಡಲ್ ಅವರ ಹೆಸರಿನಿಂದ ಇದನ್ನು ಟಿಂಡಲ್ ಪರಿಣಾಮ ಎನ್ನುತ್ತೇವೆ. ಕ್ರೀಮು, ಲೇಸರ್‌ಗಳಿಗೆ ಹಣ ಸುರಿಯಬೇಡಿ. ಬಣ್ಣ ಇರುವುದು ಚರ್ಮದಲ್ಲಲ್ಲ. ಹಯಾಲುರಾನಿಕ್ ಆಸಿಡ್ ಆಗಿದ್ದರೆ ಕರಗಿಸುವ ಔಷಧಿಯ ಸಣ್ಣ ಪ್ರಮಾಣ ಸಾಕು. ಬಿಟ್ಟರೂ ಅಪಾಯವಿಲ್ಲ, ನೋಟಕ್ಕಷ್ಟೇ ತೊಂದರೆ. ನೀಲಿ ಛಾಯೆ ವರ್ಷಗಟ್ಟಲೆ ಉಳಿದವರೂ ಇದ್ದಾರೆ ಎಂಬುದನ್ನು ಮಾತ್ರ ಗಮನದಲ್ಲಿಡಿ.

ಗಂಟಿನ ವಿಷಯ ಅಷ್ಟು ಸರಳವಲ್ಲ. ಫಿಲ್ಲರ್ ಹಾಕಿದ ಮೊದಲ ದಿನಗಳಲ್ಲಿ ಕೈಗೆ ಸಿಗುವ, ನೋವಿಲ್ಲದ ಗಂಟು ಸಾಮಾನ್ಯವಾಗಿ ಒಂದೆಡೆ ಸೇರಿಕೊಂಡ ಜೆಲ್ ಅಷ್ಟೇ. ನಯವಾಗಿ ಒತ್ತಿದರೆ ಹರಡಿಕೊಳ್ಳುತ್ತದೆ. ಸಲೂನಿನವರಿಗೆ ಗೊತ್ತಿರುವುದು ಬಹುಶಃ ಅದೊಂದೇ. ನಿಮ್ಮದು ತಿಂಗಳುಗಳ ನಂತರ, ಜ್ವರದ ಬೆನ್ನಿಗೆ, ಕೆಂಪಾಗಿ ನೋವಿನೊಂದಿಗೆ ಬಂದದ್ದು. ನಾವು ಇದನ್ನು ತಡವಾಗಿ ಬರುವ ಉರಿಯೂತದ ಗಂಟು ಎಂದು ಪರಿಗಣಿಸುತ್ತೇವೆ. ಇದಕ್ಕೆ ಎರಡು ವಿವರಣೆಗಳಿವೆ. ಒಂದು, ಸುಮ್ಮನಿದ್ದ ದೇಹದ ರಕ್ಷಣಾ ವ್ಯವಸ್ಥೆ ಜ್ವರದಿಂದ ಕೆರಳಿ, ಅಲ್ಲಿಯವರೆಗೆ ಸಹಿಸಿಕೊಂಡಿದ್ದ ಜೆಲ್ ಮೇಲೆ ತಿರುಗಿಬೀಳುವುದು. ಜ್ವರ, ಹಲ್ಲಿನ ಚಿಕಿತ್ಸೆ, ಕೆಲವೊಮ್ಮೆ ಲಸಿಕೆ ಇದಕ್ಕೆ ನೆಪವಾಗುತ್ತವೆ. 2020ರ ಕೊನೆಯಲ್ಲಿ ಮಾಡರ್ನಾ ಕೋವಿಡ್ ಲಸಿಕೆಯ ಪರೀಕ್ಷೆಯಲ್ಲಿ, ಹಿಂದೆ ಫಿಲ್ಲರ್ ಹಾಕಿಸಿಕೊಂಡಿದ್ದ ಕೆಲವರ ಮುಖ ಊದಿಕೊಂಡದ್ದು ಸುದ್ದಿಯಾಗಿತ್ತು. ಅವೆಲ್ಲ ಬೇಗ ಇಳಿದವು. ಇನ್ನೊಂದು, ಚುಚ್ಚುವಾಗ ಚರ್ಮದ ಮೇಲಿನಿಂದ ಒಳಗೆ ಹೋದ ಬ್ಯಾಕ್ಟೀರಿಯಾ ಜೆಲ್ ಮೇಲೆ ಲೋಳೆಯ ಪದರ ಕಟ್ಟಿಕೊಂಡು ಅಡಗಿರುವುದು. ಈ ಪದರವನ್ನು ಬಯೋಫಿಲ್ಮ್ ಎನ್ನುತ್ತಾರೆ. ಅದರೊಳಗಿನ ಸೂಕ್ಷ್ಮಜೀವಿ ಮಾಮೂಲು ಔಷಧಿಗೆ ಬಗ್ಗುವುದಿಲ್ಲ, ಅದನ್ನು ಬೆಳೆಸಿ ಗುರುತಿಸುವ ಮಾಮೂಲು ಕಲ್ಚರ್ ಪರೀಕ್ಷೆಯಲ್ಲೂ ಅನೇಕ ಬಾರಿ ಸಿಗುವುದಿಲ್ಲ. ಮೂರು ದಿನದ ಮಾತ್ರೆಗೆ ಇಳಿದು ಮತ್ತೆ ಏಳುವ ನಿಮ್ಮ ಗಂಟಿನ ನಡವಳಿಕೆ ಈ ಕಡೆಗೇ ಬೆರಳು ತೋರುತ್ತಿದೆ. ಹೊರಗಿನಿಂದ ನೋಡಿ ಇವೆರಡರಲ್ಲಿ ಯಾವುದೆಂದು ಖಚಿತವಾಗಿ ಹೇಳುವುದು ಯಾರಿಗೂ ಕಷ್ಟ. ಅದಕ್ಕಾಗಿಯೇ ಚಿಕಿತ್ಸೆಯ ಕ್ರಮ ಮುಖ್ಯವಾಗುತ್ತದೆ.

ಕ್ರಮ ಹೀಗೆ. ಸೋಂಕು ಇದೆ ಎಂದೇ ಭಾವಿಸಿ ಆರಂಭಿಸಬೇಕು. ಕೀವು ಮೆತ್ತಗೆ ಕೈಗೆ ಸಿಕ್ಕರೆ ಅದನ್ನು ಹೊರತೆಗೆದು ಕಲ್ಚರ್‌ಗೆ ಕಳುಹಿಸಬೇಕು. ಆಗ ಕ್ಷಯದ ಬ್ಯಾಕ್ಟೀರಿಯಾದ ದೂರದ ಬಂಧುಗಳನ್ನೂ ಹುಡುಕಲು ಪ್ರಯೋಗಾಲಯಕ್ಕೆ ಬರೆದು ಹೇಳಬೇಕು. ನಲ್ಲಿ ನೀರಿನಲ್ಲಿ, ಅದರಿಂದ ಮಾಡಿದ ಐಸ್‌ನಲ್ಲಿ ಇವು ಬದುಕುತ್ತವೆ. ಶುಚಿತ್ವ ಸರಿಯಿಲ್ಲದ ಕಡೆ ಸೂಜಿಯ ಜೊತೆ ಒಳಸೇರುತ್ತವೆ. ಕೀವು ಇಲ್ಲದಿದ್ದರೆ, ಸಾಮಾನ್ಯವಾಗಿ ಎರಡು ಬಗೆಯ ಆ್ಯಂಟಿಬಯಾಟಿಕ್‌ಗಳನ್ನು ಒಟ್ಟಿಗೆ, ವಾರಗಟ್ಟಲೆ ಕೊಡುತ್ತೇವೆ. ಇಲ್ಲಿ ನಿಮ್ಮ ಎರಡನೇ ಮಗುವಿನ ಮಾತು ಬರುತ್ತದೆ. ಇದಕ್ಕೆ ಬಳಸುವ ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್, ಕ್ಲಾರಿಥ್ರೊಮೈಸಿನ್ ಯಾವುದನ್ನೂ ಗರ್ಭಿಣಿಯರಿಗೆ ಸುಲಭವಾಗಿ ಕೊಡುವುದಿಲ್ಲ. ಕರಗಿಸುವ ಇಂಜೆಕ್ಷನ್ ಅನ್ನೂ ತುರ್ತಿಲ್ಲದೆ ಆ ಅವಧಿಯಲ್ಲಿ ಕೊಡುವುದಿಲ್ಲ. ಚಿಕಿತ್ಸೆ ಶುರುವಾಗುವ ಮುನ್ನ ಗರ್ಭ ಪರೀಕ್ಷೆ ಮಾಡಿಸಿಕೊಂಡು, ಮಗುವಿನ ಯೋಜನೆಯನ್ನು ಚಿಕಿತ್ಸೆ ಮುಗಿಯುವವರೆಗೆ ಮುಂದೂಡಿ.

ಆ್ಯಂಟಿಬಯಾಟಿಕ್ ರಕ್ಷಣೆ ಇರುವಾಗ, ಹಯಾಲುರಾನಿಕ್ ಆಸಿಡ್ ಎಂದು ಖಚಿತವಾದರೆ, ಗಂಟಿನೊಳಕ್ಕೆ ಕರಗಿಸುವ ಔಷಧಿ. ಜೆಲ್ ಹೋದರೆ ಬ್ಯಾಕ್ಟೀರಿಯಾದ ಮನೆಯೇ ಹೋದಂತೆ. ಇದಾದ ಮೇಲೂ ಗಟ್ಟಿ ಉಳಿದರೆ ಮಾತ್ರ ಸ್ಟಿರಾಯ್ಡ್ ಇಂಜೆಕ್ಷನ್. ಆರಂಭದಲ್ಲೇ ಸ್ಟಿರಾಯ್ಡ್ ಕೊಟ್ಟರೆ ಕೆಂಪು ಮಾಯವಾಗಿ ಎಲ್ಲರಿಗೂ ಸಂತೋಷವಾಗುತ್ತದೆ, ಸೋಂಕು ಮಾತ್ರ ಒಳಗೆ ಬೆಳೆಯುತ್ತದೆ. ಪ್ರಮಾಣ ಹೆಚ್ಚಾದರೆ ಚರ್ಮ ತೆಳುವಾಗಿ ಗುಳಿ ಬೀಳುತ್ತದೆ. ಗಂಟು ಹೋಗಿ ಹಳ್ಳ ಬಂತು ಎಂದು ಬರುವವರನ್ನು ನಾನು ನೋಡುತ್ತಲೇ ಇರುತ್ತೇನೆ. ಕೊಯ್ದು ತೆಗೆಯುವುದು ಕೊನೆಯ ಮಾತು. ಕೊಬ್ಬಿನ ಗಂಟಿಗೆ ಇರುವಂತೆ ಇದಕ್ಕೆ ಚೀಲವಿಲ್ಲ. ಅದರಲ್ಲೂ ಸಿಲಿಕೋನ್ ಆಗಿದ್ದರೆ, ಹೋಳಿಗೆಯ ಕಣಕಕ್ಕೆ ಇಳಿದ ಎಣ್ಣೆಯನ್ನು ಮತ್ತೆ ಹಿಂಡಿ ತೆಗೆಯಲು ಹೊರಟಂತೆ. ಆ ಜಾಗದಲ್ಲಿ ತುಟಿಯನ್ನು ಆಡಿಸುವ ನರದ ಕವಲುಗಳೂ ಇವೆ. ಶಾಶ್ವತ ಫಿಲ್ಲರ್ ಎಂದು ತಿಳಿದುಬಂದು ಗಂಟು ಮತ್ತೆ ಮತ್ತೆ ಕೆರಳುತ್ತಿದ್ದರೆ ಆಗ ಪ್ಲಾಸ್ಟಿಕ್ ಸರ್ಜನ್ ಜೊತೆ ಕುಳಿತು ಯೋಚಿಸಬೇಕಾಗುತ್ತದೆ.

ಇನ್ನೊಂದು ಎಚ್ಚರಿಕೆ. ನಮ್ಮಲ್ಲಿ ಗಂಟು ಎಂದ ಕೂಡಲೇ ಸೂಜಿ ಪರೀಕ್ಷೆ, ಅಂದರೆ ಎಫ್‌ಎನ್‌ಎಸಿಗೆ ಬರೆದುಕೊಡುವುದು ರೂಢಿ. ಫಿಲ್ಲರ್ ವಿಷಯ ಮುಚ್ಚಿಟ್ಟು ಅದನ್ನು ಮಾಡಿಸಿದರೆ ವರದಿಯಲ್ಲಿ ‘ಗ್ರಾನುಲೋಮಾ’ ಎಂದು ಬರಬಹುದು. ಹೊರಗಿನ ವಸ್ತುವಿನ ಸುತ್ತ ದೇಹ ಕಟ್ಟುವ ಗೋಡೆಗೂ ಅದೇ ಹೆಸರು, ಕ್ಷಯದ ಗಂಟಿಗೂ ಅದೇ ಹೆಸರು. ನಮ್ಮ ದೇಶದಲ್ಲಿ ಆ ಪದ ಕಂಡರೆ ವೈದ್ಯರ ಮನಸ್ಸು ಮೊದಲು ಓಡುವುದು ಕ್ಷಯದ ಕಡೆಗೆ. ಆರು ತಿಂಗಳ ಬೇಡದ ಮಾತ್ರೆ ತಪ್ಪಿಸಿಕೊಳ್ಳಲು ಒಂದು ವಾಕ್ಯ ಸಾಕು: ಇಲ್ಲಿ ಫಿಲ್ಲರ್ ಹಾಕಿಸಿಕೊಂಡಿದ್ದೆ. ಮನೆಯವರಿಗೆ ಹೇಳುವುದು ಬಿಡುವುದು ನಿಮ್ಮ ಇಷ್ಟ. ವೈದ್ಯರಿಗೆ, ದಂತವೈದ್ಯರಿಗೂ ಸೇರಿಸಿ, ಹೇಳಲೇಬೇಕು.

ಈಗ ಗೆಳತಿಯ ಮಾತು. ಕರಗಿಸುವ ಔಷಧಿಯ ಹೆಸರು ಹಯಾಲುರಾನಿಡೇಸ್, ಅದೊಂದು ಕಿಣ್ವ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಮರಗಟ್ಟಿಸುವ ಔಷಧಿ ಚೆನ್ನಾಗಿ ಹರಡಲಿ ಎಂದು ಇದನ್ನು ಬಹಳ ಕಾಲದಿಂದ ಬೆರೆಸುತ್ತಿದ್ದಾರೆ. ನಿಮ್ಮ ಅಜ್ಜಿಗೋ ತಾತನಿಗೋ ಪೊರೆ ತೆಗೆಸಿದ್ದರೆ ಅವರಿಗೂ ಇದನ್ನು ಕೊಟ್ಟಿರಬಹುದು. ಫಿಲ್ಲರ್ ಕರಗಿಸಲು ಬಳಸುವುದು ಪರವಾನಗಿಯ ಮೂಲ ಉದ್ದೇಶದ ಹೊರಗಿನ ಬಳಕೆ. ಜಗತ್ತಿನೆಲ್ಲೆಡೆ ಒಪ್ಪಿತವಾದದ್ದೇ ಆದರೂ ಒಪ್ಪಿಗೆ ಪತ್ರದಲ್ಲಿ ಅದನ್ನು ನಿಮಗೆ ತಿಳಿಸಿರಬೇಕು. ಗೆಳತಿ ಹೇಳಿದ್ದರಲ್ಲಿ ಒಂದು ಎಳೆ ನಿಜ: ಈ ಕಿಣ್ವಕ್ಕೆ ಫಿಲ್ಲರ್‌ನ ಹಯಾಲುರಾನಿಕ್ ಆಸಿಡ್ ಯಾವುದು, ನಿಮ್ಮದು ಯಾವುದು ಎಂಬ ಭೇದವಿಲ್ಲ. ಆದರೆ ದೇಹ ತನ್ನಲ್ಲಿರುವ ಹಯಾಲುರಾನಿಕ್ ಆಸಿಡ್‌ನ ಸುಮಾರು ಮೂರನೇ ಒಂದು ಭಾಗವನ್ನು ದಿನವೂ ಹಳೆಯದು ಕಳೆದು ಹೊಸದು ಮಾಡಿಕೊಳ್ಳುತ್ತದೆ. ಕಿಣ್ವದ ಕೆಲಸ ಒಂದೆರಡು ದಿನದಲ್ಲಿ ಮುಗಿದುಹೋಗುತ್ತದೆ, ಕಳೆದುಕೊಂಡದ್ದನ್ನು ಚರ್ಮ ಮತ್ತೆ ತುಂಬಿಕೊಳ್ಳುತ್ತದೆ. ಕೊಬ್ಬು, ಸ್ನಾಯು, ಮೂಳೆಯನ್ನು ಅದು ಮುಟ್ಟುವುದಿಲ್ಲ. ಕರಗಿಸಿದ ಮೇಲೆ ಮುಖ ಇಳಿದಂತೆ ಅನ್ನಿಸುವುದು ಮಾತ್ರ ಸಹಜ. ಕೆಲವು ದಿನ ಊತವಿದ್ದು, ಅದು ಇಳಿದಾಗ ಐದು ತಿಂಗಳಿಂದ ತುಂಬಿಕೊಂಡಿದ್ದ ಜಾಗ ಬರಿದಾಗಿ, ಮೊದಲಿಗಿಂತ ಗುಳಿಬಿದ್ದಂತೆ ಕಾಣುತ್ತದೆ. ಕನ್ನಡಿಯ ಮುಂದೆ ಆ ವಾರ ಕಷ್ಟದ್ದು, ಸುಳ್ಳು ಹೇಳುವುದಿಲ್ಲ.

ನಿಜವಾದ ಅಪಾಯ ಅಲರ್ಜಿ. ಸಾಮಾನ್ಯವಾಗಿ ಸಿಗುವ ಈ ಔಷಧಿ ಕುರಿ ಅಥವಾ ದನದ ಅಂಗಾಂಶದಿಂದ ಬರುತ್ತದೆ. ಜೇನುಹುಳುವಿನ ವಿಷದಲ್ಲೂ ಇದೇ ಜಾತಿಯ ಕಿಣ್ವವಿದೆ. ಹಿಂದೆ ಎಂದಾದರೂ ಜೇನು ಅಥವಾ ಕಣಜ ಕಚ್ಚಿ ಮೈಯೆಲ್ಲ ದದ್ದು ಎದ್ದಿದ್ದರೆ, ಉಸಿರು ಕಟ್ಟಿದ್ದರೆ, ಮೊದಲೇ ಹೇಳಿ. ನಿಮ್ಮಂಥ ತುರ್ತಿಲ್ಲದ ಸಂದರ್ಭದಲ್ಲಿ ಮುಂಗೈಯಲ್ಲಿ ಒಂದು ಹನಿ ಚುಚ್ಚಿ ಅರ್ಧ ಗಂಟೆ ಕಾದು ನೋಡುತ್ತೇವೆ. ಅಡ್ರಿನಲಿನ್ ಮತ್ತು ತುರ್ತು ಸಾಮಗ್ರಿ ಪಕ್ಕದಲ್ಲಿಲ್ಲದ ಜಾಗದಲ್ಲಿ ಇದನ್ನು ಚುಚ್ಚಿಸಿಕೊಳ್ಳಬೇಡಿ. ಒಂದೇ ಸಲಕ್ಕೆ ಎಲ್ಲವೂ ಕರಗದೆ, ಎರಡು ವಾರ ಬಿಟ್ಟು ಇನ್ನೊಮ್ಮೆ ಬೇಕಾಗಬಹುದು.

ಇದನ್ನು ಓದುವವರಲ್ಲಿ ನಾಳೆಯೇ ಫಿಲ್ಲರ್ ಹಾಕಿಸಿಕೊಳ್ಳಲಿರುವವರೂ ಇರಬಹುದು. ಅವರಿಗಾಗಿ, ನಿಮಗೆ ಆಗದ ಆ ಅನಾಹುತದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಮೂಗಿನ ಪಕ್ಕದಲ್ಲಿ ಮೇಲೇರುವ ಮುಖದ ಅಪಧಮನಿಯ ಕವಲುಗಳು ಕಣ್ಣಿನ ನಾಳದ ಕವಲುಗಳ ಜೊತೆ ಕೂಡುತ್ತವೆ. ಜೆಲ್ ನಾಳದೊಳಕ್ಕೆ ಹೋಗಿ, ಸಿರಿಂಜಿನ ಮೇಲಿನ ಹೆಬ್ಬೆರಳಿನ ಒತ್ತಡ ರಕ್ತದ ಒತ್ತಡವನ್ನು ಮೀರಿದರೆ, ಅದು ಹಿಮ್ಮುಖವಾಗಿ ಹರಿದು ಕಣ್ಣಿನ ಒಳಪದರದ ನಾಳವನ್ನು ಮುಚ್ಚಬಲ್ಲದು. ಹುಬ್ಬುಗಳ ನಡುವೆ ಮತ್ತು ಮೂಗಿನ ಮೇಲೆ ಚುಚ್ಚುವಾಗ ಈ ಭಯ ಅತಿ ಹೆಚ್ಚು. ಕಣ್ಣಿಗೆ ಹೋಗದೆ ಚರ್ಮದ ನಾಳವಷ್ಟೇ ಮುಚ್ಚಿದರೂ ಆ ಭಾಗದ ಚರ್ಮ ಸಾಯುತ್ತದೆ. ಚುಚ್ಚಿದ ಕೂಡಲೇ ಬಿಳಿಚಿಕೊಳ್ಳುವುದು, ಸಾಮಾನ್ಯಕ್ಕಿಂತ ಮೀರಿದ ನೋವು, ಕೆಲವು ಗಂಟೆಗಳಲ್ಲಿ ಬಲೆಯಂಥ ನೇರಳೆ ಗೆರೆಗಳು, ಮೂರನೇ ದಿನದ ಹೊತ್ತಿಗೆ ಸಣ್ಣ ಕೀವುಗುಳ್ಳೆಗಳು ಇದರ ಲಕ್ಷಣ. ಗುಳ್ಳೆ ನೋಡಿ ಮೊಡವೆ ಎಂದೋ ಸರ್ಪಸುತ್ತು ಎಂದೋ ಮುಲಾಮು ಹಚ್ಚಿಕೊಂಡು ಕೂರುವುದುಂಟು. ಬೆರಳಿನಿಂದ ಒತ್ತಿ ಬಿಟ್ಟಾಗ ಎರಡು ಸೆಕೆಂಡಿನಲ್ಲಿ ಬಣ್ಣ ಮರಳದಿದ್ದರೆ ಅನುಮಾನ ಪಡಿ. ಆಗ ಐಸ್ ಇಡಬೇಡಿ; ಮೊದಲೇ ರಕ್ತವಿಲ್ಲದ ಜಾಗದ ನಾಳಗಳನ್ನು ಅದು ಇನ್ನಷ್ಟು ಕುಗ್ಗಿಸುತ್ತದೆ. ಬೆಚ್ಚಗಿನ ಬಟ್ಟೆ ಇಟ್ಟುಕೊಂಡು ತಕ್ಷಣ ಹೊರಡಿ. ನೂರಾರು ಯೂನಿಟ್ ಹಯಾಲುರಾನಿಡೇಸ್ ಕೊಟ್ಟು, ಬಣ್ಣ ಮರಳುವವರೆಗೆ ಗಂಟೆಗೊಮ್ಮೆ ಮತ್ತೆ ಮತ್ತೆ ಕೊಡಬೇಕಾಗುತ್ತದೆ. ಆಗ ಅಲರ್ಜಿ ಪರೀಕ್ಷೆಗೆ ಕಾಯಲು ಸಮಯವಿಲ್ಲ. ದೃಷ್ಟಿ ಮಂಜಾದರೆ, ರೆಪ್ಪೆ ಜೋತುಬಿದ್ದರೆ, ಮಾತು ತೊದಲಿದರೆ ನೇತ್ರ ಮತ್ತು ನರರೋಗ ವಿಭಾಗವಿರುವ ದೊಡ್ಡ ಆಸ್ಪತ್ರೆಗೆ ನಿಮಿಷವೂ ತಡಮಾಡದೆ ಹೋಗಬೇಕು. ರಕ್ತವಿಲ್ಲದೆ ಕಣ್ಣಿನ ಒಳಪದರ ಬದುಕುವ ಅವಧಿಯನ್ನು ನಿಮಿಷಗಳಲ್ಲೇ ಎಣಿಸಬೇಕು. ಹೋದ ದೃಷ್ಟಿ ಮರಳುವುದು ಅಪರೂಪ.

ಕರಗಿಸುವ ಹಯಾಲುರಾನಿಡೇಸ್ ಸೀಸೆಯ ಬೆಲೆ ಫಿಲ್ಲರ್‌ನ ಬೆಲೆಯ ಮುಂದೆ ಏನೂ ಅಲ್ಲ. ಆದರೂ ಹಲವು ಕಡೆ ದುಬಾರಿ ಜೆಲ್ ಇರುತ್ತದೆ, ಇದು ಇರುವುದಿಲ್ಲ. ಚುಚ್ಚಿಸಿಕೊಳ್ಳುವ ಮುನ್ನ ಕೇಳಿ, ತೋರಿಸಿ ಎನ್ನಿ. ಸೂಜಿಯಿಲ್ಲದೆ ಒತ್ತಡದಿಂದ ಜೆಲ್ ನುಗ್ಗಿಸುವ ‘ಹಯಾಲುರಾನ್ ಪೆನ್’ ಸುರಕ್ಷಿತ ಎಂಬ ಪ್ರಚಾರವನ್ನೂ ನಂಬಬೇಡಿ. 2021ರ ಅಕ್ಟೋಬರ್‌ನಲ್ಲಿ ಎಫ್‌ಡಿಎ ಅದರ ವಿರುದ್ಧ ಎಚ್ಚರಿಕೆ ಕೊಟ್ಟಿದೆ.

ದೂರು ಕೊಡುವ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕರ್ನಾಟಕದಲ್ಲಿ ಚಿಕಿತ್ಸೆ ಕೊಡುವ ಖಾಸಗಿ ಜಾಗ ಯಾವುದೇ ಆದರೂ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿಯಾಗಿರಬೇಕು. ಸಲೂನಿನ ವ್ಯಾಪಾರ ಪರವಾನಗಿ ಅದಕ್ಕೆ ಸಮವಲ್ಲ. ನೋಂದಣಿ ಇಲ್ಲದಿದ್ದರೆ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳ ಕಚೇರಿಗೆ, ಚುಚ್ಚಿದವರು ನಿಜವಾಗಿ ವೈದ್ಯರಾಗಿದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಬರೆಯಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ ಎರಡು ವರ್ಷದ ಗಡುವಿದೆ. ಹಣ ಕೊಟ್ಟ ಯುಪಿಐ ದಾಖಲೆ, ವಾಟ್ಸಾಪ್ ಸಂದೇಶಗಳು, ಮುಖದ ಫೋಟೋಗಳನ್ನು ಅಳಿಸಬೇಡಿ. ಅದೇ ಫೋಟೋಗಳು ನಿಮ್ಮ ಚರ್ಮವೈದ್ಯರಿಗೂ ಉಪಯೋಗಕ್ಕೆ ಬರುತ್ತವೆ. ಹುಬ್ಬಳ್ಳಿಯಲ್ಲೇ ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗವಿದೆ. ಈ ವಾರವೇ ಹೋಗಿ. ಜ್ವರ ಬಂದರೆ, ಕೆಂಪು ಕಣ್ಣಿನ ಕಡೆಗೆ ಹರಡಿದರೆ ಆ ದಿನವೇ ಹೋಗಬೇಕು. ಅಲ್ಲಿಯವರೆಗೆ ಗಂಟನ್ನು ಹಿಂಡಬೇಡಿ, ತಿಕ್ಕಬೇಡಿ, ಉಳಿದ ಆ್ಯಂಟಿಬಯಾಟಿಕ್ ಮಾತ್ರೆಗಳನ್ನು ಬಿಡಿಬಿಡಿಯಾಗಿ ನುಂಗಬೇಡಿ.

ಇನ್ನು ಮದುವೆ. ಬೇಸಿಗೆಯೊಳಗೆ ಗಂಟು ಇಳಿದು ಚರ್ಮ ಶಾಂತವಾಗುವ ಸಾಧ್ಯತೆ ಚೆನ್ನಾಗಿದೆ, ಒಳಗಿರುವುದು ಹಯಾಲುರಾನಿಕ್ ಆಸಿಡ್ ಆಗಿದ್ದರೆ. ಮತ್ತೆ ಫಿಲ್ಲರ್ ಬೇಡ. ಕರಗಿಸಿದ ಎರಡು ವಾರದ ನಂತರ ಹೊಸದನ್ನು ಹಾಕಬಹುದು ಎನ್ನುವುದು ನೀಲಿ ಛಾಯೆಯಂಥ ಸಣ್ಣ ತೊಂದರೆಗಳಿಗೆ ಸಲ್ಲುವ ಮಾತು. ಒಮ್ಮೆ ಕೆರಳಿದ ಕೆನ್ನೆಗೆ ನಾನಾದರೆ ಮತ್ತೆ ಸೂಜಿ ಹಾಕುವುದಿಲ್ಲ. ಕಣ್ಣಿನ ಕೆಳಗಿನ ಗುಳಿಯನ್ನು ಮದುವೆಯ ದಿನ ಕನ್ಸೀಲರ್ ಮುಚ್ಚುತ್ತದೆ. ಮೇಕಪ್ ಮಾಡುವವರಿಗೆ, ಅದಕ್ಕೂ ಮೊದಲು ಫೇಶಿಯಲ್ ಮಾಡುವವರಿಗೆ, ಎಡಗೆನ್ನೆಯ ಆ ಗೆರೆಯನ್ನು ಒತ್ತಿ ಉಜ್ಜಬಾರದು, ಹಬೆ ಹಿಡಿಯಬಾರದು ಎಂದು ಮೊದಲೇ ಹೇಳಿಬಿಡಿ.